ಕುಡಿದು ವಾಹನ ಓಡಿಸಿದ ಕೇಸು ಮನೆಗೆ ಬಂದಾಗ



ನಮ್ಮ ಸಂಘಗಳ ವಾರದ ಸಭೆಯಲ್ಲಿ ಕುಡಿತದ ಮಾತು ಬಾರದೆ ಇರುವುದು ಅಪರೂಪ. ಕೂಲಿ ಹಣ ಅಂಗಡಿಗೆ ಹೋಯಿತು, ಮನೆಯಲ್ಲಿ ಜಗಳವಾಯಿತು, ಮಕ್ಕಳ ಫೀಸಿಗೆ ದುಡ್ಡಿಲ್ಲ ಎಂದು ಹೇಳಿಕೊಳ್ಳುತ್ತೇವೆ. ಆದರೆ ಕುಡಿತದಿಂದ ಬರುವ ಇನ್ನೊಂದು ಕಷ್ಟದ ಬಗ್ಗೆ ಮಾತು ಬರುವುದು ಕಡಿಮೆ. ಗಂಡನೋ ಮಗನೋ ಅಣ್ಣನೋ ಕುಡಿದು ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸಿ ಪೊಲೀಸರ ಕೈಗೆ ಸಿಕ್ಕಿದರೆ, ಇಲ್ಲವೇ ಅಪಘಾತ ಮಾಡಿದರೆ ಆಗ ಏನು ಮಾಡಬೇಕು?

ಅಂಥ ರಾತ್ರಿ ಸ್ಟೇಷನ್ನಿಗೆ ಓಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಓಲೆ ಅಡವಿಡುವವರೂ ಅವರೇ, ಸಂಘದಲ್ಲಿ ತುರ್ತು ಸಾಲ ಕೇಳುವವರೂ ಅವರೇ. "ಕೋರ್ಟು ಕಚೇರಿ ಎಲ್ಲ ನಮಗೆ ಎಲ್ಲಿ ಗೊತ್ತಾಗುತ್ತೆ ಅಕ್ಕ, ಯಾರಾದರೂ ದೊಡ್ಡವರನ್ನು ಹಿಡಿದು ಮುಗಿಸಿಬಿಡೋಣ" ಎಂದು ಹೆದರಿಕೆಯಲ್ಲಿ ಮಾಡುವ ಖರ್ಚು ವರ್ಷಗಟ್ಟಲೆ ತೀರುವುದಿಲ್ಲ. ಆದ್ದರಿಂದ ಈ ತಿಂಗಳ ಪಾಠದಲ್ಲಿ ಕಾನೂನು ಏನು ಹೇಳುತ್ತದೆ, ವಕೀಲರ ನೆರವು ಹೇಗೆ ಸಿಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ತಪ್ಪನ್ನು ಮುಚ್ಚಿಹಾಕುವುದನ್ನು ಕಲಿಸುವುದು ನಮ್ಮ ಉದ್ದೇಶವಲ್ಲ. ತಪ್ಪು ಮಾಡಿದವನಿಗೂ ನ್ಯಾಯವಾದ ವಿಚಾರಣೆ ಸಿಗಬೇಕು, ತಪ್ಪು ಮಾಡದ ಹೆಂಡತಿ ಮಕ್ಕಳು ಬೀದಿಗೆ ಬರಬಾರದು. ಇಷ್ಟೇ ನಮ್ಮ ಆಶಯ.

1. ಕಾನೂನು ಏನು ಹೇಳುತ್ತದೆ?

ಕುಡಿದು ವಾಹನ ಓಡಿಸುವುದು 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಂ ಪ್ರಕಾರ ಅಪರಾಧ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯದ ಅಂಶ ಇದ್ದರೆ ಕೇಸು ಆಗುತ್ತದೆ. ಪೊಲೀಸರು ಬಾಯಿಂದ ಊದಿಸುವ ಯಂತ್ರದಲ್ಲಿ ಇದನ್ನು ನೋಡುತ್ತಾರೆ. ರಕ್ತ ಪರೀಕ್ಷೆಯನ್ನೂ ಮಾಡಿಸಬಹುದು. "ನಾನು ಊದೋದಿಲ್ಲ" ಎಂದು ಹಟ ಮಾಡಿದರೆ ಕೇಸು ತಪ್ಪುವುದಿಲ್ಲ. ಕಾರಣವಿಲ್ಲದೆ ನಿರಾಕರಿಸಿದ್ದೇ ಅವನ ವಿರುದ್ಧ ಒಂದು ಸಾಕ್ಷ್ಯವಾಗಬಹುದು.

2019ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿ ಶಿಕ್ಷೆ ಹೆಚ್ಚಾಯಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ತಪ್ಪು ಸಾಬೀತಾದರೆ ನ್ಯಾಯಾಲಯ ಕನಿಷ್ಠ 6 ತಿಂಗಳು ಚಾಲನಾ ಪರವಾನಗಿಯನ್ನೂ ತಡೆಹಿಡಿಯಬೇಕು. ಆಟೋ ಓಡಿಸಿ ಬದುಕುವ ಮನೆಗೆ ದಂಡಕ್ಕಿಂತ ಇದೇ ದೊಡ್ಡ ಪೆಟ್ಟು.

ಒಂದು ಲೆಕ್ಕ ನೋಡಿ. 20 ಜನರ ಸಂಘದಲ್ಲಿ ಒಬ್ಬೊಬ್ಬರು ವಾರಕ್ಕೆ 50 ರೂಪಾಯಿ ಉಳಿಸಿದರೆ ವಾರಕ್ಕೆ 1,000 ರೂಪಾಯಿ. ಒಬ್ಬ ಗಂಡಸು ಒಂದು ರಾತ್ರಿ ಕುಡಿದು ಗಾಡಿ ಓಡಿಸಿದ ದಂಡ ಕಟ್ಟಲು ಇಡೀ ಸಂಘದ 10 ವಾರದ ಉಳಿತಾಯ ಬೇಕು.

ಇನ್ನೊಂದು ಮಾತನ್ನು ಚೆನ್ನಾಗಿ ನೆನಪಿಡಿ. ಹೆಲ್ಮೆಟ್ ಇಲ್ಲದಿದ್ದರೆ ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ಪಡೆಯಬಹುದು. ಆದರೆ ಕುಡಿದು ಓಡಿಸಿದ ಕೇಸು ಹಾಗೆ ಸ್ಥಳದಲ್ಲೇ ಮುಗಿಯುವಂಥದ್ದಲ್ಲ. ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಯಾರಾದರೂ "ಇಲ್ಲೇ ಕೊಟ್ಟುಬಿಡಿ, ಮುಗಿಸ್ತೀವಿ" ಅಂದರೆ ಅದು ದಂಡವಲ್ಲ, ಲಂಚ.

2. ಅಪಘಾತವಾದರೆ ಕೇಸು ದೊಡ್ಡದಾಗುತ್ತದೆ

ಕುಡಿದು ಓಡಿಸಿ ಯಾರಿಗೂ ಏನೂ ಆಗದಿದ್ದರೆ ಮೇಲೆ ಹೇಳಿದ ಕೇಸು ಮಾತ್ರ. ಯಾರಿಗಾದರೂ ಪೆಟ್ಟಾದರೆ, ಪ್ರಾಣ ಹೋದರೆ, ಭಾರತೀಯ ನ್ಯಾಯ ಸಂಹಿತೆಯ ಕಲಂಗಳು ಸೇರುತ್ತವೆ. ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಈ ಹೊಸ ಕಾನೂನು ಜಾರಿಗೆ ಬಂದಿದೆ.

- ಅಜಾಗರೂಕತೆಯಿಂದ ಓಡಿಸಿ ಒಬ್ಬರಿಗೆ ತೀವ್ರ ಗಾಯವಾದರೆ: 3 ವರ್ಷದವರೆಗೆ ಜೈಲು ಆಗಬಹುದು (125ನೇ ಕಲಂ).
- ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ: 5 ವರ್ಷದವರೆಗೆ ಜೈಲು ಮತ್ತು ದಂಡ (106ನೇ ಕಲಂ).
- "ಹೀಗೆ ಓಡಿಸಿದರೆ ಜನ ಸಾಯಬಹುದು ಎಂದು ಅವನಿಗೆ ಗೊತ್ತಿತ್ತು" ಎಂದು ನ್ಯಾಯಾಲಯಕ್ಕೆ ಕಂಡುಬಂದರೆ: ಕೊಲೆಯಲ್ಲದ ದಂಡನೀಯ ನರಹತ್ಯೆ. ಇದಕ್ಕೆ 10 ವರ್ಷದವರೆಗೆ ಜೈಲು ಮತ್ತು ದಂಡ (105ನೇ ಕಲಂ).

ಕೊನೆಯದು ಬರೀ ಕಾಗದದ ಮೇಲಿನ ಮಾತಲ್ಲ. 2006ರ ನವೆಂಬರಿನಲ್ಲಿ ಮುಂಬೈನ ಬಾಂದ್ರಾದಲ್ಲಿ ಕುಡಿದು ಓಡಿಸಿದ ಕಾರೊಂದು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಯಿತು. 7 ಜನ ಸತ್ತರು. ಮೊದಲ ನ್ಯಾಯಾಲಯ ನಿರ್ಲಕ್ಷ್ಯದ ಸಾವು ಎಂದು 6 ತಿಂಗಳು ಶಿಕ್ಷೆ ಕೊಟ್ಟಿತ್ತು. ಬಾಂಬೆ ಹೈಕೋರ್ಟು ಅದನ್ನು ನರಹತ್ಯೆ ಎಂದು ತೀರ್ಮಾನಿಸಿ 3 ವರ್ಷ ಶಿಕ್ಷೆ ವಿಧಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಸತ್ತವರು ನಮ್ಮಂತೆಯೇ ದುಡಿದು ತಿನ್ನುವ ಬಡವರು ಎಂಬುದನ್ನು ಮರೆಯಬಾರದು.

3. ಹಿಡಿದ ದಿನ ತಿಳಿದಿರಬೇಕಾದ ಹಕ್ಕುಗಳು

ಕುಡಿದು ಓಡಿಸಿದ್ದಕ್ಕೆ ಮಾತ್ರ ಬಂಧಿಸಿದ್ದರೆ 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಡುಗಡೆ ಮಾಡಬೇಕು ಎಂದು ಮೋಟಾರು ವಾಹನ ಕಾಯಿದೆಯ 202ನೇ ಕಲಂ ಹೇಳುತ್ತದೆ. ಆದ್ದರಿಂದ ಎಷ್ಟು ಗಂಟೆಗೆ ಹಿಡಿದರು, ಎಷ್ಟು ಗಂಟೆಗೆ ಆಸ್ಪತ್ರೆಗೆ ಕರೆದೊಯ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಕೀಲರು ಮೊದಲು ಕೇಳುವುದೇ ಇದನ್ನು.

ಯಾವುದೇ ಕೇಸಿನಲ್ಲಿ ಬಂಧಿಸಿದಾಗ ಏಕೆ ಬಂಧಿಸಿದ್ದೇವೆ ಎಂದು ತಿಳಿಸಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ.

185ನೇ ಕಲಂನ ಕೇಸು ಜಾಮೀನು ಸಿಗುವ ಅಪರಾಧ. ಇದರಲ್ಲಿ ಜಾಮೀನು ಯಾರೋ ತೋರಿಸುವ ದಯೆಯಲ್ಲ, ಹಕ್ಕು. ಸ್ಟೇಷನ್ನಿನಲ್ಲಿಯೇ ಜಾಮೀನು ಕೊಡಬಹುದು. ಜಾಮೀನುದಾರರು ಸಿಗದ ಬಡವರು ಒಂದು ವಾರ ಒಳಗೇ ಉಳಿದರೆ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನಿದೆ. ನರಹತ್ಯೆಯ ಕಲಂ ಹಾಕಿದ್ದರೆ ಮಾತ್ರ ಅದು ಜಾಮೀನು ರಹಿತ ಅಪರಾಧ. ಹಾಗೆಂದರೆ ಜಾಮೀನೇ ಸಿಗುವುದಿಲ್ಲ ಎಂದಲ್ಲ. ಕೊಡಬೇಕೋ ಬೇಡವೋ ಎಂದು ನ್ಯಾಯಾಲಯ ನಿರ್ಧರಿಸುತ್ತದೆ. ಅಂಥ ಕೇಸಿಗೆ ಅನುಭವಿ ವಕೀಲರು ಬೇಕೇ ಬೇಕು.

ಒಂದು ಎಚ್ಚರಿಕೆ. ದಿನಾ ಹೆಚ್ಚು ಕುಡಿಯುವವನು ಒಳಗೆ ಹೋಗಿ ಕುಡಿತ ಒಮ್ಮೆಲೇ ನಿಂತರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬರಬಹುದು. ಪ್ರಾಣಕ್ಕೂ ಅಪಾಯ. ನಾಚಿಕೆಪಡದೆ "ಇವರಿಗೆ ದಿನಾ ಕುಡಿಯುವ ಅಭ್ಯಾಸವಿದೆ, ಡಾಕ್ಟರಿಗೆ ತೋರಿಸಿ" ಎಂದು ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ, ಜೈಲಿನವರಿಗೆ ಹೇಳಿ.

4. ಉಚಿತ ವಕೀಲರು ಎಲ್ಲಿ ಸಿಗುತ್ತಾರೆ?

"ದುಡ್ಡಿಲ್ಲದವರಿಗೆ ಕೋರ್ಟಿನಲ್ಲಿ ಯಾರಿದ್ದಾರೆ?" ಎಂದು ನಮ್ಮ ಸದಸ್ಯರು ಕೇಳುತ್ತಾರೆ. ಇದ್ದಾರೆ. ಬಡತನದಿಂದಾಗಿ ಯಾರಿಗೂ ನ್ಯಾಯ ತಪ್ಪಬಾರದು ಎಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಬಡವರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಉಚಿತ ವಕೀಲರ ನೆರವು ಆರೋಪಿಯ ಹಕ್ಕು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಬಂತು. 1995ರ ನವೆಂಬರ್ 9ರಂದು ಅದು ಜಾರಿಯಾಯಿತು.

ಇದರ ಪ್ರಕಾರ ತಾಲೂಕಿನ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಆರೋಪಿಗಳ ಪರವಾಗಿಯೇ ಕೆಲಸ ಮಾಡುವ ಪೂರ್ಣಾವಧಿ ವಕೀಲರ ಕಚೇರಿಗಳನ್ನು 2022ರ ಯೋಜನೆಯಡಿ ಜಿಲ್ಲೆಗಳಲ್ಲಿ ತೆರೆಯಲಾಗಿದೆ. ಎಲ್ಲಿ ಹೋಗಬೇಕೆಂದು ಗೊತ್ತಾಗದಿದ್ದರೆ 15100 ಸಂಖ್ಯೆಗೆ ಫೋನ್ ಮಾಡಿ.

ಯಾರಿಗೆ ಉಚಿತ ನೆರವು ಸಿಗುತ್ತದೆ?

- ಮಹಿಳೆಯರು ಮತ್ತು ಮಕ್ಕಳು (ಆದಾಯ ಎಷ್ಟೇ ಇದ್ದರೂ)
- ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು
- ಅಂಗವಿಕಲರು
- ಕಾರ್ಖಾನೆ ಕಾರ್ಮಿಕರು
- ಬಂಧನದಲ್ಲಿ ಇರುವವರು
- ಸರ್ಕಾರ ನಿಗದಿ ಮಾಡಿದ ಮಿತಿಗಿಂತ ಕಡಿಮೆ ವಾರ್ಷಿಕ ಆದಾಯ ಇರುವವರು

ಇಲ್ಲಿ ಒಂದು ವಿಷಯ ಗಮನಿಸಿ. ಹೆಂಡತಿಗೆ ಮಹಿಳೆ ಎಂಬ ಕಾರಣಕ್ಕೆ ಸಿಗುವ ಹಕ್ಕು ಗಂಡನ ಕೇಸಿಗೆ ಬರುವುದಿಲ್ಲ. ಗಂಡ ಬಂಧನದಲ್ಲಿದ್ದರೆ, ಆದಾಯ ಕಡಿಮೆ ಇದ್ದರೆ, ಅಥವಾ ಮೇಲಿನ ಬೇರೆ ಯಾವುದಾದರೂ ಗುಂಪಿಗೆ ಸೇರಿದ್ದರೆ ಅವನಿಗೆ ಸಿಗುತ್ತದೆ. ಆದರೆ ಗಾಡಿ ನಿಮ್ಮ ಹೆಸರಿನಲ್ಲಿದ್ದು ಅದನ್ನು ಬಿಡಿಸಬೇಕಾದರೆ, ಪರಿಹಾರದ ಕೇಸಿನಲ್ಲಿ ನಿಮಗೆ ನೋಟಿಸು ಬಂದರೆ, ಕುಡಿದು ಬಂದು ಹೊಡೆಯುವ ಗಂಡನಿಂದ ರಕ್ಷಣೆ ಬೇಕಾದರೆ, ನಿಮ್ಮ ಸ್ವಂತ ಹಕ್ಕಿನಿಂದಲೇ ನೀವು ವಕೀಲರನ್ನು ಕೇಳಬಹುದು.

ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆಯಬಹುದು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅಲ್ಲಿರುವ ಸ್ವಯಂಸೇವಕರು ಬರೆದುಕೊಡುತ್ತಾರೆ. ಆಧಾರ್ ಕಾರ್ಡಿನ ಪ್ರತಿ, ಪೊಲೀಸ್ ನೋಟಿಸು ಅಥವಾ ಎಫ್.ಐ.ಆರ್. ಪ್ರತಿ, ಬೇಕಾದಲ್ಲಿ ಜಾತಿ ಅಥವಾ ಆದಾಯ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಬಂಧನದಲ್ಲಿರುವವನು ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ "ಸ್ವಾಮಿ, ನನಗೆ ವಕೀಲರಿಲ್ಲ" ಎಂದು ಹೇಳಿದರೂ ಸಾಕು. ಹೀಗೆ ನೇಮಕವಾದ ವಕೀಲರು ನಿಮ್ಮಿಂದ ಫೀಸು ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ತಿಳಿಸಿ. ಅವರೂ ನ್ಯಾಯಾಧೀಶರೇ.

5. ಖಾಸಗಿ ವಕೀಲರನ್ನು ಇಡುವುದಾದರೆ

ಸ್ಟೇಷನ್ ಬಾಗಿಲಲ್ಲಿ ಸಿಗುವ ಮಧ್ಯವರ್ತಿಯ ಮೂಲಕ ಹೋಗಬೇಡಿ. ನೇರವಾಗಿ ವಕೀಲರ ಕಚೇರಿಗೆ ಹೋಗಿ. ಹೋಗುವಾಗ ಸಂಘದ ಇನ್ನೊಬ್ಬ ಸದಸ್ಯೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಈ ಪ್ರಶ್ನೆಗಳನ್ನು ಕೇಳಿ:

- ಇಂಥ ಕೇಸು ನಡೆಸಿದ್ದೀರಾ? ಯಾವ ಯಾವ ಕಲಂ ಹಾಕಿದ್ದಾರೆ?
- ಒಟ್ಟು ಫೀಸು ಎಷ್ಟು? ಜಾಮೀನಿಗೆ ಬೇರೆ, ಕೇಸಿಗೆ ಬೇರೆ ಕೊಡಬೇಕಾ?
- ತಪ್ಪೊಪ್ಪಿಕೊಂಡರೆ ಏನಾಗುತ್ತದೆ? ಕೇಸು ನಡೆಸಿದರೆ ಏನಾಗುತ್ತದೆ?

ಮೂರನೆಯ ಪ್ರಶ್ನೆ ಬಹಳ ಮುಖ್ಯ. "ಒಪ್ಪಿಕೊಂಡು ದಂಡ ಕಟ್ಟಿ ಬಾ" ಎನ್ನುವುದು ಸುಲಭ. ನಿಜವಾಗಿ ಕುಡಿದಿದ್ದು, ಯಂತ್ರದ ಚೀಟಿಯೂ ಸರಿಯಾಗಿದ್ದರೆ ಹಲವರಿಗೆ ಅದೇ ಸರಿಯಾದ ದಾರಿ. ಆದರೆ ಹಾಗೆ ಒಪ್ಪಿದರೆ ಅಪರಾಧ ದಾಖಲಾಗುತ್ತದೆ, ಪರವಾನಗಿ ಹೋಗುತ್ತದೆ, ಮುಂದಿನ ಸಲ ಎರಡನೇ ಅಪರಾಧವೆಂದು ಹೆಚ್ಚು ಶಿಕ್ಷೆ ಬರುತ್ತದೆ. ಸಾವು ನೋವಿನ ಕೇಸಿನಲ್ಲಂತೂ ವಕೀಲರ ಜೊತೆ ಮಾತಾಡದೆ ಒಪ್ಪಿಕೊಳ್ಳಬಾರದು. ಚೀಟಿಯಲ್ಲಿ ಎಷ್ಟು ಅಂಶ ಬಂದಿದೆ, ಪರೀಕ್ಷೆ ನಿಯಮದ ಪ್ರಕಾರ ಆಯಿತೇ, ಗಾಡಿ ಓಡಿಸುತ್ತಿದ್ದವನು ಇವನೇ ಹೌದೇ ಎಂಬುದನ್ನೆಲ್ಲ ವಕೀಲರು ಪರಿಶೀಲಿಸುತ್ತಾರೆ.

ಕೊಟ್ಟ ಹಣಕ್ಕೆ ರಸೀದಿ ಕೇಳಿ. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಕೇಸಿನ ನಂಬರು ಮತ್ತು ಮುಂದಿನ ತಾರೀಕನ್ನು ಬರೆದಿಟ್ಟುಕೊಳ್ಳಿ. ತಾರೀಕಿಗೆ ಹೋಗದಿದ್ದರೆ ವಾರಂಟ್ ಬರುತ್ತದೆ.

6. ಗಾಡಿ, ಸಾಲ ಮತ್ತು ವಿಮೆ

ನಮ್ಮ ಎಷ್ಟೋ ಸದಸ್ಯರು ಸಂಘದ ಮೂಲಕ ಸಾಲ ಪಡೆದು ಆಟೋ ಕೊಂಡಿದ್ದಾರೆ. ಆರ್.ಸಿ. ಹೆಂಡತಿ ಹೆಸರಿನಲ್ಲಿ, ಓಡಿಸುವವನು ಗಂಡ. ಗಾಡಿ ಸ್ಟೇಷನ್ ಅಂಗಳದಲ್ಲಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಹೀಗೆ ಜಪ್ತಿಯಾದ ವಾಹನಗಳನ್ನು ಸ್ಟೇಷನ್ನಿನಲ್ಲಿ ಬಹುಕಾಲ ಇಟ್ಟುಕೊಳ್ಳಬಾರದು, ಬೇಗ ಆದೇಶ ಮಾಡಬೇಕು ಎಂದು 2002ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಆರ್.ಸಿ., ವಿಮೆ ಪತ್ರ ಸಮೇತ ಮಾಲೀಕರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು.

ಮಾಲೀಕರಾದ ನಿಮಗೆ ಇನ್ನೊಂದು ಹೊಣೆಯೂ ಇದೆ. ಅಪಘಾತದಲ್ಲಿ ನೊಂದವರಿಗೆ ಕೊಡಬೇಕಾದ ಪರಿಹಾರಕ್ಕೆ ವಾಹನದ ಮಾಲೀಕರೂ ಜವಾಬ್ದಾರರು. ವಿಮೆ ಇಲ್ಲದಿದ್ದರೆ ಅಷ್ಟೂ ಹಣ ನಿಮ್ಮ ತಲೆಗೆ ಬರಬಹುದು. ವಿಮೆ ಇದ್ದರೂ ಕುಡಿದು ಓಡಿಸಿದ್ದಾನೆ ಎಂಬ ಕಾರಣ ಹೇಳಿ ಕಂಪನಿ ತಕರಾರು ತೆಗೆಯಲು ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ ವಾಹನಕ್ಕೆ ಸಾಲ ಮಂಜೂರು ಮಾಡುವ ದಿನವೇ ಸಂಘದಲ್ಲಿ ಕೇಳಿ: ಓಡಿಸುವವರು ಯಾರು? ಪರವಾನಗಿ ಇದೆಯೇ? ಕುಡಿಯುತ್ತಾರೆಯೇ? ಕೇಳುವುದು ಅವಮಾನ ಮಾಡಿದಂತಲ್ಲ. ಅದು ಎಲ್ಲರ ಹಣ.

7. ಈ ಕೆಲಸಗಳನ್ನು ಮಾಡಬೇಡಿ

- ಕುಡಿದು ಓಡಿಸಿದವನನ್ನು ಉಳಿಸಲು ಬೇರೆಯವರನ್ನು "ನಾನೇ ಓಡಿಸಿದ್ದು" ಎಂದು ಮುಂದೆ ನಿಲ್ಲಿಸಬೇಡಿ. ನೀವೂ ನಿಲ್ಲಬೇಡಿ. ಸುಳ್ಳು ಸಾಕ್ಷಿ ಹೇಳುವುದು, ಸಾಕ್ಷ್ಯ ಮರೆಮಾಚುವುದು ಬೇರೆಯೇ ಅಪರಾಧ. ಒಂದು ಕೇಸಿನ ಜಾಗದಲ್ಲಿ ಎರಡಾಗುತ್ತದೆ.
- ಸಂಘದ ಹಣವನ್ನು ಠರಾವು ಇಲ್ಲದೆ ಇಂಥ ಖರ್ಚಿಗೆ ತೆಗೆಯಬೇಡಿ. ಲಂಚಕ್ಕೆ ಠರಾವು ಮಾಡಿಯೂ ತೆಗೆಯಬೇಡಿ.
- ಯೋಚಿಸದೆ ಜಾಮೀನು ಹಾಕಬೇಡಿ. ಅವನು ತಾರೀಕಿಗೆ ಬಾರದೆ ತಲೆತಪ್ಪಿಸಿಕೊಂಡರೆ ಬಾಂಡಿನ ಹಣ ನಿಮ್ಮಿಂದ ವಸೂಲಾಗಬಹುದು. ಜಾಮೀನು ಹಾಕಲೇಬೇಕೆಂದು ಹೆಂಡತಿಯನ್ನು ಯಾರೂ ಒತ್ತಾಯಿಸುವಂತಿಲ್ಲ.

8. ನೊಂದವರನ್ನು ಮರೆಯಬಾರದು

ಅಪಘಾತವಾದರೆ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು ಕಾನೂನೇ ಹೇಳುತ್ತದೆ. ಓಡಿಹೋದರೆ ಅದು ಇನ್ನೊಂದು ಅಪರಾಧ. ದಾರಿಯಲ್ಲಿ ನೋಡಿದ ನಾವು ಸಹಾಯ ಮಾಡಲು ಹೆದರಬೇಕಾಗಿಲ್ಲ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ ಎಂದು 2019ರ ತಿದ್ದುಪಡಿಯಲ್ಲಿ ಸೇರಿಸಲಾಗಿದೆ. ಶುಭಸಂದೇಶದಲ್ಲಿ ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿದ ಸಮಾರಿಯದವನ ಕಥೆ ನಮಗೆಲ್ಲ ಗೊತ್ತು. ಜಾತಿ ಧರ್ಮ ಕೇಳದೆ ನೆರವಾದ ಅವನ ದಾರಿಯೇ ನಮ್ಮ ಸಂಘಗಳ ದಾರಿ.

ನೊಂದವರು ನಮ್ಮ ಸಂಘದವರೇ ಆಗಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಎಂದು ಕಾಯಿದೆಯಲ್ಲಿದೆ. ತಡ ಮಾಡಬೇಡಿ. ಇದಕ್ಕೂ ಕಾನೂನು ಸೇವಾ ಸಮಿತಿ ನೆರವಾಗುತ್ತದೆ.

9. ಕೇಸು ಮುಗಿದರೂ ಕುಡಿತ ಮುಗಿಯದಿದ್ದರೆ?

ವಕೀಲರು ಒಂದು ಕೇಸಿನಿಂದ ಬಿಡಿಸಬಹುದು, ಬಾಟಲಿಯಿಂದ ಬಿಡಿಸಲಾರರು. ಮತ್ತೆ ಕುಡಿದು ಓಡಿಸಿದರೆ ಮುಂದಿನ ಸಲ ಬರುವುದು ಇನ್ನೂ ದೊಡ್ಡ ಕೇಸು, ಇಲ್ಲವೇ ಶವ. ಕುಡಿತದ ಚಟ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯನ್ನು ಕಾಣಬಹುದು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

"ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ" ಎಂದು ಮಾರುವ ಪುಡಿ ಗುಳಿಗೆಗಳನ್ನು ತರಬೇಡಿ. ಕುಡಿತ ಬಿಡಿಸುವ ಕೆಲವು ಔಷಧಿಗಳ ಮೇಲೆ ಮದ್ಯ ಸೇವಿಸಿದರೆ ಪ್ರಾಣಕ್ಕೇ ಅಪಾಯವಾಗುತ್ತದೆ. ವೈದ್ಯರ ಸಲಹೆ, ರೋಗಿಯ ಒಪ್ಪಿಗೆ ಎರಡೂ ಬೇಕು.

ನೆನಪಿಡಿ

- ಹೆದರಿದ ರಾತ್ರಿ ಒಡವೆ ಮಾರಬೇಡಿ. ಮೊದಲು 15100ಕ್ಕೆ ಫೋನ್ ಮಾಡಿ.
- ಸಮಯ, ಕಲಂ, ಕೇಸಿನ ನಂಬರು, ತಾರೀಕು ಬರೆದಿಟ್ಟುಕೊಳ್ಳಿ.
- ಉಚಿತ ವಕೀಲರು ಭಿಕ್ಷೆಯಲ್ಲ, ಹಕ್ಕು.
- ಸುಳ್ಳು ಬೇಡ, ಲಂಚ ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ? ಮುಂದಿನ ತಿಂಗಳು ಇಬ್ಬರು ಪ್ರತಿನಿಧಿಗಳು ಹೋಗಿ ನೋಡಿಕೊಂಡು ಬರಬಹುದೇ?
2. ನಮ್ಮ ಸಂಘದ ಸಾಲದಲ್ಲಿ ಕೊಂಡ ವಾಹನಗಳು ಎಷ್ಟು? ಎಲ್ಲದಕ್ಕೂ ವಿಮೆ ಚಾಲ್ತಿಯಲ್ಲಿದೆಯೇ?
3. ಕೋರ್ಟು ಖರ್ಚಿಗೆ ತುರ್ತು ಒಳಸಾಲ ಕೊಡಬೇಕೇ? ಕೊಟ್ಟರೆ ಎಷ್ಟು, ಯಾವ ಷರತ್ತಿನ ಮೇಲೆ? ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆಯಿರಿ.
4. ಸಂಘದ ಒಬ್ಬ ಸದಸ್ಯೆಯ ಮನೆಗೆ ಇಂಥ ಕಷ್ಟ ಬಂದರೆ ಅವರ ಜೊತೆ ಸ್ಟೇಷನ್ನಿಗೆ, ಕೋರ್ಟಿಗೆ ಹೋಗುವವರು ಯಾರು? ಇವತ್ತೇ ಇಬ್ಬರ ಹೆಸರು ಗೊತ್ತುಮಾಡಿ.